ಹನ್ನೊಂದನೇ ನಂಬರ್ ಟೆಂಟು

ಬಾಡಿಗೆಗೆ ಹೋಗಿ ಬಂದ ಟೆಂಟುಗಳನ್ನು ಕೊಡವುವುದು
ಸೋಮವಾರದ ನನ್ನ ಮೊದಲ ಕೆಲಸ.
ಭವಾನಿ ಪೇಠದ ಅಂಗಡಿಯ ಮಾಳಿಗೆಯ ಮೇಲೆ
ಯಾರು ಯಾರೋ ಮಲಗೆದ್ದ ಬೆಟ್ಟಗಳು ಉದುರುತ್ತವೆ:
ಕೆಂಪು ಧೂಳು, ಕೆರೆದಂಡೆಯ ಬೂದು ಕೆಸರು,
ಒಮ್ಮೆ ಇನ್ನೂ ಜೀವವಿದ್ದ ಬಸವನಹುಳು,
ಒಮ್ಮೆ ಒಂದು ಕಾಲುಂಗುರ, ಕೇಳಿಕೊಂಡು ಯಾರೂ ಬರಲಿಲ್ಲ.
ಕಿತ್ತ ಜಿಪ್ಪು, ಜಗ್ಗಿದ ಕುಣಿಕೆ, ಸಿಗರೇಟು ಸುಟ್ಟ ತೂತು.
ಒಂಬತ್ತು ವರ್ಷ ಹೊಲಿದಿದ್ದೇನೆ,
ಒಂದರೊಳಗೂ ಒಂದು ರಾತ್ರಿ ಕಣ್ಣು ಮುಚ್ಚದೆ.

ಹನ್ನೊಂದನೇ ನಂಬರನ್ನು ಮಾತ್ರ ಯಾರೂ ಒಯ್ಯುತ್ತಿರಲಿಲ್ಲ.
ಒಬ್ಬರು ಮಲಗುವಂಥದು.
ಒಬ್ಬರು ಯಾರು ಹೋಗ್ತಾರೆ ನೀಲವ್ವ, ಎಂದು
ಫಡತರೆ ಶೇಠ್ ಅದನ್ನು ಗೋಣಿಚೀಲದ ಕೆಳಗೆ ತುರುಕಿದ್ದರು.

ದೀಪಾವಳಿ ಮುಗಿದ ಶನಿವಾರ
ಸ್ವಾರಗೇಟಿನಲ್ಲಿ ವೆಲ್ಹೆಯ ಬಸ್ಸು ಹತ್ತಿದೆ.
ಕಂಡಕ್ಟರ್ ಚೀಟಿ ಹರಿಯುತ್ತ ಕೇಳಿದ: ಏಕಟೀಚ್?
ಮುಂದಿನ ಸ್ಟಾಪಿಗೆ ಅಕ್ಕ ಹತ್ತುತ್ತಾಳೆ ಅಂದೆ.
ಮಾರ್ಗಾಸನಿಯ ಚಹಾದವನು ಕೇಳಿದ: ಏಕಟೀಚ್?
ಅಣ್ಣ ಆಗಲೇ ಗಡದ ಮೇಲಿದ್ದಾನೆ ಅಂದೆ.
ಇಲ್ಲದ ಅಕ್ಕ, ಇಲ್ಲದ ಅಣ್ಣ
ಜೀಪಿನಲ್ಲಿ ನನ್ನ ಎಡಬಲಕ್ಕೆ ಒತ್ತಿ ಕೂತರು.

ಗುಂಜವಣೆಯಲ್ಲಿ ಭತ್ತ ಬಡಿಯುತ್ತಿದ್ದ ಕೊಂಡಾಬಾಯಿ
ಹಣೆಗೆ ಕೈ ಅಡ್ಡ ಹಿಡಿದು
ನನ್ನ ಹಿಂದಿನ ದಾರಿಯನ್ನು ಪೂರ್ತಿ ನೋಡಿ ಮುಗಿಸಿ
ಆಮೇಲೆ ಕೇಳಿದಳು: ಏಕಟೀಚ್?
ನಮ್ಮ ‘ಒಬ್ಬಾಕೆನ ಏನು’ ಅನ್ನುವುದಕ್ಕಿಂತ ಗಿಡ್ಡ ಮಾತು.
ಕೊನೆಯ ‘ಚ್’ ಹೊರಗಿನಿಂದ ಚಿಲಕ ಬಿದ್ದ ಹಾಗೆ.
ಹೂಂ, ಅಂದೆ.
ಅವಳು ಬಯ್ಯಲಿಲ್ಲ, ಬೆಚ್ಚಲಿಲ್ಲ.
ಬಣವೆಯ ಹತ್ತಿರ ಬೇಡ, ಇಲಿ, ಇಲಿಯ ಹಿಂದೆ ಹಾವು,
ಆ ಬೋಳು ತೆವರಿನ ಮೇಲೆ ಹಾಕು,
ಎಂದು ಕುಡುಗೋಲಿನಿಂದ ತೋರಿಸಿದಳು.

ರಾತ್ರಿ.
ಕಾಲು ಚಾಚಿದೆ. ಯಾರ ತಲೆಗೂ ತಗಲಲಿಲ್ಲ.
ಮತ್ತೆ ಮಡಚಿಕೊಂಡೆ, ಆರು ಜನರ ಖೋಲಿಯ ರೂಢಿ.
ಮೊಬೈಲಿನ ಬೆಳಕಿನಲ್ಲಿ ನನ್ನವೇ ಹೊಲಿಗೆಗಳು,
ಬೂದು ದಾರ ತೀರಿದಾಗ ಹಾಕಿದ ನೀಲಿ ದಾರ,
ಇಷ್ಟು ವರ್ಷ ಹೊರಮೈಯಷ್ಟೇ ಕಂಡವಳಿಗೆ
ಒಳಗಿನಿಂದ ಗುರುತೇ ಸಿಗದಂತೆ.
ಹೊರಗೆ ಏನೋ ಉಸಿರಾಡಿತು.
ಹಗ್ಗ ಜಗ್ಗಿತು. ಬಿಟ್ಟಿತು.
ಇಂಡಿಯ ಎಲ್ಲ ದೇವರನ್ನೂ ಊರ ಸಮೇತ ಕರೆದೆ.
ಬೊಗಳಿದ ಮೇಲೆ ತಿಳಿಯಿತು, ನಾಯಿ.

ಮೂರು ಗಂಟೆಗೆ ಹೊರಗೆ ಹೋಗಲೇಬೇಕಾಯಿತು.
ನಾನೇ ಕೂರಿಸಿದ ಜಿಪ್ಪು ಅರ್ಧಕ್ಕೆ ಕಚ್ಚಿಕೊಂಡಿತು!
ಜಡೆಯ ಎಣ್ಣೆ ಬೆರಳಿಗೆ ಸವರಿ, ಹಲ್ಲು ಹಲ್ಲಿಗೂ ಉಜ್ಜಿ,
ಕೊನೆಗೆ ಹೊಸ್ತಿಲಿಲ್ಲದ ಬಾಗಿಲಿನಿಂದ ತಲೆ ಮುಂದಾಗಿ ಬಿದ್ದೆ.
ಬಿದ್ದಲ್ಲೇ ನಕ್ಕೆ, ಜೋರಾಗಿ.
ಯಾಕ ನಗತೀ ಅನ್ನಲು ಯಾರೂ ಇರಲಿಲ್ಲ.
ಇನ್ನೊಂದು ಸಲ ನಕ್ಕು ನೋಡಿದೆ.
ರಾಜಗಡ ಎಂಬುದು ಚಿಕ್ಕೆಗಳಿಲ್ಲದ ಒಂದು ತುಂಡು ಆಕಾಶ.
ಅದರ ನಡುವೆ ಯಾರದೋ ಬ್ಯಾಟರಿ ಹತ್ತುತ್ತಿತ್ತು,
ನಿಲ್ಲುತ್ತ, ಮತ್ತೆ ಹತ್ತುತ್ತ. ಅದೂ ಒಂದೇ.

ಬೆಳಗಿನ ಜಾವ ಹಣೆಗೆ ಒಂದು ಹನಿ.
ಇಬ್ಬನಿ ಇಳಿದದ್ದು ನೆತ್ತಿಯ ಹೊಲಿಗೆಯಿಂದ.
ಅದು ಯಾವ ದಿನದ ಹೊಲಿಗೆಯೆಂದೂ ನೆನಪಿದೆ:
ಸಸೂನ್ ಆಸ್ಪತ್ರೆಯಲ್ಲಿ ಅತ್ತೆ,
ನಾಲ್ಕಕ್ಕೆ ಮುಚ್ಚುವ ಔಷಧದ ಕಿಟಕಿ,
ಹತ್ತು ಹೊಲಿಗೆಯ ಜಾಗದಲ್ಲಿ ಆರು.
ಹನಿ ಬೀಳಲೆಂದು ಅಲ್ಲೇ ಮಲಗಿದ್ದೆ. ಎಣಿಸಲಿಲ್ಲ.

ಸೋಮವಾರ ಹನ್ನೊಂದನ್ನು ಕೊಡವಿದೆ.
ಹುಲ್ಲುಕಡ್ಡಿ, ನಾಯಿಗೂದಲು, ನನ್ನದೊಂದು ಹೇರ್‌ಪಿನ್.
ಇನ್ನೂರೈವತ್ತು ರೂಪಾಯಿ ಗಲ್ಲೆಗೆ ಹಾಕಿ
ಶೇಠರ ವಹಿ ಎಳೆದುಕೊಂಡು ನಾನೇ ಬರೆದೆ:
ಹೆಸರು, ನೀಲವ್ವ ಮಾಶ್ಯಾಳ.
ಎಷ್ಟು ಜನ, ಒಂದು.
ಏನಾದರೂ ಕೆಟ್ಟಿದೆಯೇ ಎಂಬಲ್ಲಿ,
ನೆತ್ತಿಯಲ್ಲಿ ಸೋರುತ್ತದೆ.
ಹೊಲಿದವಳ ತಪ್ಪು.