ಕಾಲು ಮಿಲಿಮೀಟರು

ಕ್ಯಾಮೆರಾ ಸತ್ತು ಇಪ್ಪತ್ತು ವರ್ಷ. ಒಳಪರದೆ ಹರಿದು
ಜಿರಲೆ ಸಂಸಾರ ಹೂಡಿತ್ತು.
ಲೆನ್ಸೊಂದೇ ಉಳಿದಿತ್ತು, ಅವಲಕ್ಕಿ ಡಬ್ಬಿಯಲ್ಲಿ,
ಯಾರದೋ ಲಗ್ನದ ರುಮಾಲಿನ ತುಂಡು ಸುತ್ತಿಕೊಂಡು.
"ಮುನ್ನೂರು ಕೊಡು, ಒಯ್ಯಿ" ಅಂದಳು ನಿಂಬೆವ್ವ.
"ಕಾಕಾ ಇದ್ದಿದ್ರ ಮುಟ್ಟಗೊಡ್ತಿರಲಿಲ್ಲ."

ಕಾಕಾ ಅಂದರೆ ಫೋಟೋದ ಕೂಡ್ಲೆಪ್ಪ.
ಹಳೆ ಬಾಗಲಕೋಟೆ ಮುಳುಗುವ ಮೊದಲು
ಪರಿಹಾರದ ಕಡತಕ್ಕೆಂದು
ಓಣಿಯ ಒಂದೊಂದು ಮನೆಯನ್ನೂ ಹಿಡಿದವನು.
ಬಾಗಿಲ ಮುಂದೆ ಒಬ್ಬರು ನಿಲ್ಲಬೇಕು,
ಎದೆಗೆ ಪಾಟಿ,
ಪಾಟಿಯ ಮೇಲೆ ಖಡುವಿನಲ್ಲಿ ಮನೆಯ ನಂಬರು.
ತೆಗೆದಾದ ಮೇಲೆ ಅದೇ ಪಾಟಿ ಒರೆಸಿ
ಪಕ್ಕದ ಮನೆಗೆ.

ಬೆಳಕಿಗೆ ಹಿಡಿದು ನೋಡಿದೆ.
ಗಾಜಿನ ಅಂಚಿಗೆ ಬೂಷ್ಟು, ಬೆಳ್ಳಗೆ, ಎಳೆಎಳೆ,
ಜೇಡ ಅರ್ಧಕ್ಕೆ ಬಿಟ್ಟು ಹೋದ ಮನೆ.
ಗ್ರೀಸು ಒಣಗಿ ಉಂಗುರ ಬಿಗಿ,
ಸರಿಯಾಗಿ ನಾದದ ಜೋಳದ ಹಿಟ್ಟಿನ ಹಾಗೆ
ಒಮ್ಮೆ ಮಾತು ಕೇಳುತ್ತದೆ, ಒಮ್ಮೆ ಇಲ್ಲ.
ಸ್ಪಿರಿಟ್ಟು, ಹತ್ತಿ, ಮೂರು ಭಾನುವಾರ.

ನನ್ನ ಹೊಸ ಕ್ಯಾಮೆರಾದ ಬಾಯಿ ಬೇರೆ, ಇದರ ಕೊರಳು ಬೇರೆ.
ನಡುವೆ ಒಂದು ಬಳೆ ಬೇಕು.
ನವನಗರದ ಲೇಥಿನ ರಾಜೇಸಾಬ ನದಾಫ
ಪಂಪ್‌ಸೆಟ್ಟಿನ ಬುಷ್ ಬದಿಗಿಟ್ಟು ಕೇಳಿದ:
"ಇದು ನೀರು ಎತ್ತತೈತೇನ್ರಿ?"
ಇಲ್ಲ ಅಂದೆ.
"ಮತ್ತ?"

ಅಲ್ಯೂಮಿನಿಯಂ ತುಂಡು ತಿರುಗಿತು,
ಚೂರು ಜಿಲೇಬಿ ಜಿಲೇಬಿಯಾಗಿ ಉದುರಿತು.
ಬಿಸಿ ಬಳೆಯನ್ನು ಅಂಗಿಯ ತುದಿಯಲ್ಲಿ ಹಿಡಿದು ತೊಡಿಸಿದೆ.
ಕೂತಿತು, ಟಕ್ ಅಂತ.

ಕ್ಯಾಮೆರಾಕ್ಕೆ ಮಾತ್ರ ಗೊತ್ತಾಗಲಿಲ್ಲ.
ಲೆನ್ಸ್ ಇಲ್ಲ ಅಂತು.
ಐತಲ್ಲಪ್ಪಾ ಅಂದರೂ ಇಲ್ಲ ಅಂತು.
ಮೆನುವಿನ ಏಳನೇ ಪುಟಕ್ಕೆ ಹೋಗಿ
ಇಲ್ಲದಿದ್ದರೂ ತೆಗೆ ಅಂತ ಒಪ್ಪಿಸಬೇಕಾಯಿತು.
ಮೂಲೆಯಲ್ಲಿ ಬರೆದುಕೊಂಡಿತು: ಎಫ್ ಸೊನ್ನೆ ಸೊನ್ನೆ,
ತಂದೆಯ ಹೆಸರಿನ ಕಾಲಂ
ಖಾಲಿ ಬಿಟ್ಟ ಗುಮಾಸ್ತನ ಹಾಗೆ.

ಇಲ್ಲಿ ತಾನಾಗಿ ಏನೂ ಆಗದು, ಕೈಯೇ ತಿರುಗಬೇಕು.
ತಿರುಗಿದಂತೆ ಪರದೆಯ ಮೇಲೆ
ಚೊಕ್ಕವಾಗಿ ಕಂಡ ಅಂಚಿಗೆಲ್ಲ ಕೆಂಪು ಹತ್ತುತ್ತದೆ,
ಮೊದಲು ಬೇಲಿಯ ತಂತಿಗೆ, ಆಮೇಲೆ ಜಾಲಿಗಿಡಕ್ಕೆ,
ಆಮೇಲೆ ಒಣಹಾಕಿದ ಇಳಕಲ್ಲ ಸೀರೆಯ ದಡಿಗೆ,
ಬೆಲ್ಲದ ವಾಸನೆ ಹಿಡಿದ ಕೆಂಪಿರುವೆ ಸಾಲಿನಂತೆ.
ಮೂವತ್ತು ಅಡಿಗೆ ಬಂದು
ಸಾಲು ನಿಂತುಬಿಟ್ಟಿತು.

ಉಂಗುರದ ತುದಿಗೆ ಅಡ್ಡ ಮಲಗಿಸಿದ ಎಂಟು ಇದೆಯಲ್ಲ,
ಕೊನೆಯಿಲ್ಲದ ದೂರದ ಗುರುತು,
ಅಲ್ಲಿಗೆ ತಂದಿಟ್ಟರೂ ಹಿನ್ನೀರು ಬರೀ ಮಸುಕು.
ಬಳೆ ದಪ್ಪವಾಗಿತ್ತು. ಕಾಲು ಮಿಲಿಮೀಟರು.
"ಅಷ್ಟಕ್ಕ ಊರ ಕಾಣಂಗಿಲ್ಲೇನ್ರಿ?"
ವರ್ನಿಯರ್ ಒರೆಸುತ್ತ ಅಂದ ರಾಜೇಸಾಬ.
"ಬುಧವಾರ ಬರ್ರಿ, ಸವರಿ ಕೊಡ್ತೀನಿ."

ಬುಧವಾರಕ್ಕಿನ್ನೂ ಎರಡು ದಿನ ಇತ್ತು.
ಬೇಸಿಗೆ. ನೀರು ಇಳಿದು
ಅಲ್ಲೊಂದು ಮೆಟ್ಟಿಲು, ಇಲ್ಲೊಂದು ಗೋಡೆಯ ನೆತ್ತಿ.
ದಂಡೆಯ ಮೇಲೆ ನಿಂಬೆವ್ವ ಲೆನ್ಸು ಇಸಿದುಕೊಂಡು
ಕಣ್ಣ ಹತ್ತಿರ ತಂದಳು.
"ಈ ಚಾಳೀಸು ಯಾಕ ಬರದಾರಿದರ ಮ್ಯಾಲ?"
ಚಾಳೀಸಲ್ಲ, ಮಲಗಿದ ಎಂಟು. ದೂರದ್ದು ಕಾಣಲಿ ಅಂತ.
"ಕಾಕಾಗ ದೂರದ್ದು ಎಲ್ಲಿತ್ತು?
ಹತ್ತು ಹೆಜ್ಜಿ ಹಿಂದಕ್ಕ ಸರಿದ್ರ
ಎದುರಿನ ಮನಿ ಗೋಡಿ ಬೆನ್ನಿಗೆ ಬಡೀತಿತ್ತು."

ನಂದೂ ಒಂದು ತಗಿ ಅಂದಳು.
ಎಣಿಸಿ ಹತ್ತು ಹೆಜ್ಜೆ ಹಿಂದೆ ಸರಿದೆ.
ಕೆಂಪು ಹತ್ತಿತು ಸೆರಗಿನ ದಡಿಗೆ, ಮೂಗುಬೊಟ್ಟಿಗೆ,
ನೆರೆತ ಹುಬ್ಬಿಗೆ.
ಯಾರೂ ಹೇಳದೆ ಎರಡೂ ಕೈ ಎದೆಗೆತ್ತಿದಳು,
ಬೆರಳು ಮಡಚಿ, ನಡುವೆ ಗೇಣಷ್ಟು ಬಿಟ್ಟು.
ಆ ಗೇಣಿನಲ್ಲಿ ಏನೂ ಇರಲಿಲ್ಲ.

"ಆವತ್ತ ಪಾಟಿ ತೆಲಿಕೆಳಗ ಹಿಡದಿದ್ದೆ" ಅಂದಳು.
"ರೀಲು ದಂಡ ಆತಂತ ಬೈದ. ಎರಡ ಸಲ ತಗದ."
ನಂಬರು?
"ಯಾರಿಗೆ ನೆಪ್ಪ ಐತಿ."

ನಾನೂ ಎರಡು ಸಲ ತೆಗೆದೆ.

ಬುಧವಾರ ಹೋದೆ. ಲೇಥಿಗೆ ಕರೆಂಟು ಇರಲಿಲ್ಲ.
ರಾಜೇಸಾಬ ಚಹಾ ತರಿಸಿದ.
ಜೇಬಿನಲ್ಲಿ ಬಳೆ ತೊಡೆಗೆ ಒತ್ತುತ್ತಿತ್ತು.
ಅದರ ಮಾತು ಅವನೂ ಎತ್ತಲಿಲ್ಲ.