ದಂಡೆಯ ಮೇಲೆ ಯಾರಿದ್ದರು

ಸೋಮವಾರ ಚಾರಿಟಿಯಲ್ಲಿ ಸಂತೆ.
ಪೋಮರೂನ್ ನದಿಗೆ ಅಲ್ಲಿ ಚಹಾದ ಬಣ್ಣ,
ಹಾಲು ಹಾಕದ ಚಹಾ.
ನೀರು ಏರುವ ತನಕ ದೋಣಿಯಿಲ್ಲವೆಂದು
ಕಟ್ಟೆಯ ಹಲಗೆಯ ಮೇಲೆ ಮೂವರು ಕೂತಿದ್ದರು:
ಮಡಿಲಲ್ಲಿ ಅಲಸಂದೆ ಕಟ್ಟು ಇಟ್ಟುಕೊಂಡ
ನಮ್ಮ ಆಜಿ ಫುಲ್‌ಬಸಿಯಾ;
ಶುಂಠಿ ಶರಬತ್ತು ಮಾರುವ ಮಿಸ್ ಡ್ರುಸಿಲಾ,
ಭಾನುವಾರದ ಟೋಪಿಯನ್ನು ಸೋಮವಾರವೂ ತೆಗೆಯದವಳು;
ಬುಟ್ಟಿ ಹೆಣೆಯುವ ಯೂಫೀಮಿಯಾ, ವರಾವ್ ಜನದವಳು,
ಬೆರಳ ತುದಿಗೆ ಕಣ್ಣಿದ್ದವಳು.

ನನಗೆ ಒಂಬತ್ತು. ಉಪ್ಪು ಹಚ್ಚಿದ ಮಾವಿನ ಹೋಳು ನೆಕ್ಕುತ್ತ
ಜಗಳಕ್ಕೆ ನಾನೊಬ್ಬಳೇ ಸಾಕ್ಷಿ.

"ಈ ಬುಟ್ಟಿಯಲ್ಲಿ ಒಂದು ಕೂಸು ಮಲಗಬಹುದು,
ಮೋಶೆ ಮಲಗಿದ ಹಾಗೆ," ಎಂದಳು ಡ್ರುಸಿಲಾ.
"ಕರ್ಣ ಮಲಗಿದ ಹಾಗೆ," ಆಜಿ ತಿದ್ದಿದಳು.
"ನಿಮ್ಮವರು ನಮ್ಮದನ್ನು ಕದ್ದರು."
"ಹೊಳೆಯೇನು ನಿಮ್ಮಪ್ಪನದೇ?"
"ಆಪುಹುಲ್ಲಿನ ಬುಟ್ಟಿ, ಮೈಗೆಲ್ಲ ರಾಳ."
"ಮರದ ಪೆಟ್ಟಿಗೆ, ಸಂದುಸಂದಿಗೂ ಮೇಣ."
"ನಮ್ಮವಳ ತಲೆಯ ಮೇಲೆ ರಾಜನ ಕತ್ತಿ ಇತ್ತು."
"ನಮ್ಮವಳ ಬೆನ್ನಿಗೆ ಊರಿನ ನಾಲಿಗೆ ಇತ್ತು.
ಯಾವುದು ಹರಿತ, ನೀನೇ ಹೇಳು ತಾಯಿ."

ಡ್ರುಸಿಲಾ ಹೇಳಲಿಲ್ಲ.
ಟೋಪಿಯನ್ನು ಒಂದು ಸಲ ಸರಿಮಾಡಿಕೊಂಡಳು.

ತಲೆ ಎತ್ತದೆ ಯೂಫೀಮಿಯಾ ಕೇಳಿದಳು,
ಸರಕಿನ ಅಳತೆ ಕೇಳುವ ಹಾಗೆ:
"ಎಷ್ಟು ದೂರ ತೇಲಬೇಕಿತ್ತು?"

ಮೋಶೆಯದು ಜೊಂಡಿನ ನಡುವೆ, ದಡಕ್ಕೆ ಹತ್ತಿರ,
ರಾಜಕುಮಾರಿ ಸ್ನಾನಕ್ಕೆ ಇಳಿಯುವಲ್ಲಿಯ ತನಕ.
ಕರ್ಣನದು ನಾಲ್ಕು ನದಿ. ಆಜಿ ಬೆರಳು ಮಡಚಿದಳು:
ಅಶ್ವನದಿ, ಚರ್ಮಣ್ವತಿ, ಯಮುನೆ, ಆಮೇಲೆ ಗಂಗೆ.
ತಾನು ಒಂದನ್ನೂ ಕಂಡವಳಲ್ಲ.
ಅವಳ ಅಜ್ಜಿ ಹಡಗಿನ ಅಡಿಯಲ್ಲಿ ಕೂತು ತಂದ ಹೆಸರುಗಳು,
ಅರಿಶಿನದ ಗಂಟಿನ ಜೊತೆ.

"ನಾಲ್ಕು ನದಿಗೆ ಮೇಣ ಸಾಲದು,
ಎರಡನೆಯ ದಿನದ ಬಿಸಿಲಿಗೇ ಕರಗುತ್ತದೆ."
"ಬಿಸಿಲು ಅವನಪ್ಪ," ಎಂದಳು ಆಜಿ.
"ಆ ವಾರ ಸ್ವಲ್ಪ ಮೆಲ್ಲಗೆ ಕಾದಿರಬೇಕು."
"ಕೂಸಿನ ಮೈಮೇಲೆ ಏನಾದರೂ ಭಾರ?"
"ಕವಚ. ಕಿವಿಯಲ್ಲಿ ಕುಂಡಲ."
ಯೂಫೀಮಿಯಾ ನಾಲಿಗೆಯಿಂದ ಲೊಚಗುಟ್ಟಿದಳು,
ಬುಟ್ಟಿಯನ್ನು ತಿರುಗಿಸಿ ಇನ್ನೊಂದು ಎಳೆ ತೂರಿದಳು.
"ಮತ್ತೆ ದಂಡೆಯ ಮೇಲೆ ಯಾರಿದ್ದರು?"

"ಅವನ ಅಕ್ಕ," ಥಟ್ಟನೆ ಬಂತು ಡ್ರುಸಿಲಾಳ ಉತ್ತರ.
"ಮರೆಯಲ್ಲಿ ನಿಂತು ನೋಡುತ್ತಲೇ ಇದ್ದಳು,
ಹೆತ್ತವಳ ಮೊಲೆಯನ್ನೇ ಕೂಲಿಗೆ ಕೊಡಿಸಿದಳು, ಜಾಣೆ."

ಆಜಿ ಅಲಸಂದೆ ಕಟ್ಟನ್ನು ಬಿಚ್ಚಿ ಮತ್ತೆ ಕಟ್ಟಿದಳು.
"ದಾದಿಯೊಬ್ಬಳಿದ್ದಳು. ಬೆಳಗಾಗುವ ಮೊದಲು
ಅವಳೂ ಅರಮನೆಗೆ ವಾಪಸು."

ನೀರು ಹಲಗೆಯ ಕಾಲಿಗೆ ತಗುಲುತ್ತಿತ್ತು.

ಆಗ ಯೂಫೀಮಿಯಾ, ಯಾರೂ ಕೇಳದೆ:
ನಮ್ಮವರು ಮೇಲಿದ್ದರಂತೆ, ಆಕಾಶದಲ್ಲಿ.
ಬೇಟೆಗಾರನೊಬ್ಬ ತಪ್ಪಿಹೋದ ಬಾಣ ಹುಡುಕುತ್ತ
ನೆಲದಲ್ಲೊಂದು ತೂತು ಕಂಡ. ಕೆಳಗೆ ಕಾಡು, ಹಂದಿ, ಮೀನು.
ಹಗ್ಗ ಬಿಟ್ಟು ಒಬ್ಬೊಬ್ಬರಾಗಿ ಇಳಿದರು.
ಬಸುರಿಯೊಬ್ಬಳು ಇಳಿಯಹೋಗಿ ಸಿಕ್ಕಿಕೊಂಡಳು,
ಹೊಟ್ಟೆ ತೂರಲಿಲ್ಲ.
ಇಳಿದವರು ಇಳಿದರು, ಉಳಿದವರು ಅಲ್ಲೇ.
"ನಮ್ಮ ಕತೆಯಲ್ಲಿ ಬುಟ್ಟಿಯೇ ಇಲ್ಲ.
ತಾಯಿಯೇ ಮುಚ್ಚಳ."

ಅಷ್ಟರಲ್ಲಿ ದೋಣಿಯವನು ಕೂಗಿದ.
ಆಜಿ ಚೌಕಾಸಿ ಮಾಡದೆ ಬುಟ್ಟಿ ಕೊಂಡದ್ದು
ನಾನು ಕಂಡಂತೆ ಅದೊಂದೇ ಸಲ.

ಆ ವರ್ಷ ಕಾರ್ತಿಕದಲ್ಲಿ, ನೆರೆಮನೆಯ ಯಜ್ಞದಲ್ಲಿ,
ಹೆಂಗಸರ ನಡುವೆ ಆಜಿ ಕರ್ಣನ ಕತೆ ಹೇಳಿದಳು.
ಪೆಟ್ಟಿಗೆ, ಮೇಣ, ಕುಂಡಲ ಎಲ್ಲ ಹಿಂದಿನಂತೆಯೇ.
ಆದರೆ ದಂಡೆಯ ಮೇಲೆ ಈ ಸಲ ಒಬ್ಬಳು ಹುಡುಗಿ,
ಒಂಬತ್ತು ವರ್ಷದವಳು, ಬರಿಗಾಲು,
ಪೆಟ್ಟಿಗೆಯ ಜೊತೆಜೊತೆಗೆ ಓಡುತ್ತಿದ್ದಳು.
ಪಂಡಿತ್ ದೇವಕರನ್ ಕನ್ನಡಕ ಏರಿಸಿ ಕೇಳಿದರು:
"ಇದು ಯಾವ ಪರ್ವದಲ್ಲಿದೆ, ಮಾಯಿ?"
"ಪೋಮರೂನ್ ಪರ್ವ," ಎಂದಳು ಆಜಿ, ತಡೆಯದೆ.

ನಕ್ಕವರು ನಕ್ಕರು. ಅವಳು ಕತೆ ಮುಂದುವರಿಸಿದಳು.
ಮೊದಲ ನದಿ ಎರಡನೆಯದಕ್ಕೆ ಕೂಡುವಲ್ಲಿ
ಹುಡುಗಿಗೆ ಉಸಿರು ಹತ್ತಿತು, ಕೆಸರಲ್ಲಿ ಕೂತಳು.
ಪೆಟ್ಟಿಗೆ ಸಣ್ಣದಾಗುತ್ತ ಹೋಯಿತು.