ಷರಾ

ರಾತ್ರಿ ಪಾಳಿ. ಶಕ್ತಿನಗರದ ನಾಯಿಗಳೂ ಮಲಗಿದ ಹೊತ್ತು.
ಗಾಜಿನ ಕಡ್ಡಿಯನ್ನು ಬಾಯ್ಲರ್ ನೀರಲ್ಲಿ ಅದ್ದಿ ಕಾಯುತ್ತೇನೆ.
ಒಂಬತ್ತು ಪಾಯಿಂಟ್ ಎರಡು. ಬರೆದೆ. ಸಹಿ.
ಕಬ್ಬಿಣಕ್ಕೆ ಹುಳಿ ಆಗಿಬರುವುದಿಲ್ಲ,
ಕೊಳವೆಯ ಒಳಮೈ ಸದ್ದಿಲ್ಲದೆ ಸವೆಯುತ್ತದೆ.
ಅದಕ್ಕೇ ಹನಿ ಹನಿ ಅಮೋನಿಯಾ ಹಾಕುತ್ತೇವೆ,
ಕೂಸಿಗೆ ಒಳಲೆಯಲ್ಲಿ ಔಷಧಿ ಕುಡಿಸಿದ ಹಾಗೆ.

ಕ್ಯಾನಿನ ಮುಚ್ಚಳ ತೆಗೆದರೆ ಸಾಕು
ಹೊಸ ಹುಡುಗ ವಿರೂಪಣ್ಣ ಕಣ್ಣೊರೆಸುತ್ತ ಹೊರಗೋಡುತ್ತಾನೆ.
ನನ್ನ ಕಣ್ಣಲ್ಲೂ ನೀರು.
ಮೂಗಿಗೆ ಮಾತ್ರ ಸುದ್ದಿಯಿಲ್ಲ.
ಎರಡು ವರ್ಷದ ಹಿಂದೆ ಬಂದ ಜ್ವರ
ಹೋಗುವಾಗ ಒಂದೇ ಸಾಮಾನು ಎತ್ತಿಕೊಂಡು ಹೋಯಿತು.
ಮಲ್ಲಿಗೆ ಹೋಯಿತು, ಸೀದ ಹಾಲು ಹೋಯಿತು,
ಹೋಗಲಿ ಎಂದುಕೊಂಡೆ.
ಮಗಳ ನೆತ್ತಿಯ ಎಣ್ಣೆ ಬೆವರಿನ ವಾಸನೆ,
ಅದೊಂದನ್ನು ಮಾತ್ರ ಇನ್ನೂ ಹುಡುಕುತ್ತೇನೆ
ಅವಳು ಮಲಗಿದಾಗ, ಬಾಗಿ,
ಇನ್ನೂ ಬಾಗಿ.

ಭಾನುವಾರ ಸವಾರೆಮ್ಮ ಬರುತ್ತಾಳೆ,
ದೇವಸೂಗೂರಿನ ಕಡೆಯಿಂದ, ತಲೆಯ ಮೇಲೆ ಅಲ್ಯುಮಿನಿ ಬೋಗುಣಿ.
ಕಿವಿರು ಎತ್ತಿ, ನನ್ನ ಪಾಲಿನದನ್ನೂ ತಾನೇ ಮೂಸಿ,
"ತಗೋರಿ ಬಾಯಾರ, ನಸಿಕಿನ್ಯಾಗ ಹಿಡದದ್ದು,
ಹೊಳಿ ವಾಸ್ನಿ ಇನ್ನಾ ಹೋಗಿಲ್ಲ."

ಒಂದು ದಿನ ಹೊಸ್ತಿಲಲ್ಲೇ ಬೋಗುಣಿ ಒಗೆದು ಚೀರಿದಳು:
"ಕಡ್ಡಿ ಗೀರಬ್ಯಾಡ್ರೀ! ಗ್ಯಾಸು!"
ನನ್ನ ಬೆರಳಲ್ಲಿ ಕಡ್ಡಿ.
ಅಂಗಳದ ತುಂಬ ಮೀನು.
ಆಮೇಲೆ ಮಣ್ಣು ಮೆತ್ತಿದ ಮೀನುಗಳನ್ನು
ಇಬ್ಬರೂ ಕೂತು ತೊಳೆದೆವು, ಮಾತಿಲ್ಲದೆ.
ಹಣ ಕೊಡಹೋದರೆ,
"ಬಿದ್ದ ಮೀನಿಗೆ ಅರ್ಧಾ ರೇಟು" ಅಂದಳು.

ಆ ವಾರವೇ ಎಲ್ಲೋ ಓದಿದ್ದು:
ಸಮುದ್ರ ಹುಳಿಯಾಗುತ್ತಿದೆಯಂತೆ.
ಮಜ್ಜಿಗೆಯ ಹುಳಿಯಲ್ಲ. ಇನ್ನೂ ಕ್ಷಾರವೇ,
ಆದರೆ ಮುಖ ಹುಳಿಯ ಕಡೆಗೆ.
ಎಂಟು ಪಾಯಿಂಟ್ ಎರಡಿದ್ದದ್ದು ಎಂಟು ಪಾಯಿಂಟ್ ಒಂದು.
"ಪಾಯಿಂಟ್ ಒಂದಾ? ಬಿಡ್ರಿ ಮೇಡಂ" ಅಂದ ವಿರೂಪಣ್ಣ.
ಈ ಅಳತೆಯಲ್ಲಿ ಒಂದೊಂದು ಮೆಟ್ಟಿಲೂ ಹತ್ತು ಪಟ್ಟು
ಎಂದು ಅವನಿಗೆ ಕಲಿಸಿದವಳು ನಾನೇ.

ಅಂಥ ನೀರಲ್ಲಿ
ವಾಸನೆ ಇದ್ದಲ್ಲೇ ಇರುತ್ತದೆ, ಮೀನಿಗೆ ಮೂಗೂ ಇರುತ್ತದೆ,
ನಡುವೆ ಕೀಲಿ ಕೂಡುವುದಿಲ್ಲ.
ಉಣಿಸೋ, ಜೊತೆಯೋ, ವೈರಿಯೋ,
ಗೊತ್ತಾಗಬೇಕೆಂದರೆ ಮೊದಲಿಗಿಂತ ಹತ್ತಿರ ಹೋಗಬೇಕು.
ಉಣಿಸಿನ ಹತ್ತಿರ ಹೋಗಬಹುದು.
ಬಾಯಿಯ ಹತ್ತಿರ?
ಎಲ್ಲ ಮೀನಿಗೂ ಹೀಗಲ್ಲ ಎನ್ನುವ ಪಂಡಿತರಿದ್ದಾರೆ.
ಇರಲಿ, ವಾದಿಸಲಿ, ಅದು ಅವರ ಕೆಲಸ.
ನನಗೆ ಕಚ್ಚಿಕೊಂಡದ್ದು ಒಂದೇ ಮಾತು,
ಹತ್ತಿರ.

ಕಿಟಕಿಯಾಚೆ ಚಿಮಣಿಗಳು. ಕಲ್ಲಿದ್ದಲಿನ ವ್ಯಾಗನ್ನುಗಳು
ಒಂದಕ್ಕೊಂದು ಹಾಯ್ದು ನಿಲ್ಲುವ ಸದ್ದು.
ಬೂದಿ ಇಲ್ಲೇ ಬೀಳುತ್ತದೆ, ಒಣಹಾಕಿದ ಲಂಗದ ಮೇಲೆ, ಕುಂಡದ ತುಳಸಿಯ ಮೇಲೆ.
ಬಣ್ಣವಿಲ್ಲದ್ದು, ವಾಸನೆಯಿಲ್ಲದ್ದು ದೂರ ಹೋಗುತ್ತದೆ.
ಅದು ಸವಾರೆಮ್ಮನ ಮೂಗಿಗೂ ಸಿಕ್ಕುವುದಲ್ಲ.
ಕೃಷ್ಣೆ ಕಟ್ಟೆಗಳಲ್ಲಿ ತಡೆದು ತಡೆದು
ಕಡಲು ಸೇರುವ ಹೊತ್ತಿಗೆ
ನಮ್ಮ ಉಸಿರು ಅಲ್ಲಿ ಮೊದಲೇ ಕರಗಿ ಕೂತಿರುತ್ತದೆ.

ಸವಾರೆಮ್ಮನಿಗೆ ಹೇಳಿದೆ. ಅವಳು ಸಮುದ್ರ ಕಂಡಿಲ್ಲ.
"ಮೂಗಿಲ್ಲದ ಮೀನಾ?" ಎಂದು ನಕ್ಕಳು.
ನಗು ಅರ್ಧಕ್ಕೆ ನಿಂತಿತು.
ಬಾಳೆಮೀನಿನ ಮೀಸೆ ಸವರುತ್ತ ಕೇಳಿದಳು:
"ಹಂಗಾರ ಅಲ್ಲಿ, ಕಡ್ಡಿ ಗೀರಬ್ಯಾಡ ಅನ್ನಾಕ ಯಾರದಾರ್ರಿ?"

ಐದೂ ಮುಕ್ಕಾಲು. ಮತ್ತೆ ಅದ್ದುತ್ತೇನೆ.
ಒಂಬತ್ತು ಪಾಯಿಂಟ್ ಎರಡು. ಬಾಯ್ಲರ್ ಕ್ಷೇಮ.
ಷರಾ ಎಂಬ ಕಾಲಮ್ಮಿನಲ್ಲಿ ಪೆನ್ನು ಒಂದು ಗಳಿಗೆ ನಿಂತು
ಸುಮ್ಮನೆ ಒಂದು ಗೆರೆ ಎಳೆಯುತ್ತದೆ.
ಮಗಳು ಏಳುವ ಮೊದಲು ಮನೆ ಸೇರಬೇಕು.
ನಿನ್ನೆ ತಲೆಗೆ ಎಣ್ಣೆ ಹಚ್ಚಿದ್ದೇನೆ.